ಎರಡು ಸೊಪ್ಪಿನ ನಡುವಿನ ದಾರಿ

ಶೋಭಾರಾಣಿಯ ಕೈಗುಣ ಒಳ್ಳೆಯದು ಎಂದು ಮೊದಲು ಹೇಳಿದವರು ಅವಳ ಅತ್ತೆ ಮಂಗಮ್ಮ. ಪ್ರೀತಿಯಿಂದಲೇ ಹೇಳಿದ್ದರು. ಆ ಒಂದು ಮಾತು ಆಡದೆ ಇದ್ದಿದ್ದರೆ ಅವಳ ಬಾಳು ಬೇರೆ ಥರ ಇರುತ್ತಿತ್ತಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವರಿಗೆ ಏನು ಹೇಳುವುದು?

ನಾನು ಆ ಮನೆಯ ಮುಂದಿನ ಕೋಣೆಗಳಲ್ಲಿ ಬಾಡಿಗೆಗಿದ್ದೆ, ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸು ಡ್ರೈವರಿಗೆ ಮನಸ್ಸು ಬಂದರೆ ಮಾತ್ರ ನಿಲ್ಲುವ ಊರು ಅದು. ಊರೆಂದರೆ ಹಿಪ್ಪುನೇರಳೆ ತೋಟ, ಹುಳುಮನೆ, ಮತ್ತೆ ಹಿಪ್ಪುನೇರಳೆ ತೋಟ. ನನ್ನ ಬಾಗಿಲ ಎದುರಿಗೇ ಮನೆಯ ಯಜಮಾನ ಗಂಗಾಧರ ಕಟ್ಟಿಸಿದ ಹುಳುಮನೆ. ಹುಳುವನ್ನು ಕೊಲ್ಲುವ ಊಜಿ ನೊಣ ನುಗ್ಗದ ಹಾಗೆ ಅದರ ಬಾಗಿಲಿಗೆ ಹಸಿರು ಬಲೆ, ಹೊಸಿಲಿನ ಮುಂದೆ ಕಾಲು ಅದ್ದಿಕೊಂಡು ಹೋಗಲು ಬ್ಲೀಚಿಂಗ್ ನೀರು ಹಾಕಿದ ಗೋಣಿಚೀಲ. ಆ ಬಲೆಯ ಹಿಂದೆ ಗಂಗಾಧರನ ಹೆಂಡತಿ ಶೋಭಾರಾಣಿ, ಬೆಳಿಗ್ಗೆಯಿಂದ ಸಂಜೆಯವರೆಗೆ.

ರೇಷ್ಮೆ ಹುಳು ಇರುವ ಮನೆ ಬಾಣಂತಿ ಮನೆಗಿಂತ ಕಟ್ಟುನಿಟ್ಟು. ಹೊರಗಿನವರು ಒಳಗೆ ಹೋಗುವಂತಿಲ್ಲ. ಒಗ್ಗರಣೆ ಘಾಟು ಆಗದು, ಊದುಬತ್ತಿ ಆಗದು, ಮುಖಕ್ಕೆ ಹಚ್ಚಿದ ಪೌಡರ್ ಕೂಡ ಆಗದು. ಸಾವಿನ ಸೂತಕ ಇದ್ದವರಂತೂ ಆ ಬಾಗಿಲ ಕಡೆ ತಲೆ ಹಾಕುವಂತಿಲ್ಲ. ಹಾಕಿದರೆ ಹುಳು ಸಪ್ಪೆರೋಗ ಬಂದು ಸೊಪ್ಪು ಹಾಸಿದ ಅಟ್ಟಣಿಗೆಯಲ್ಲೇ ಕೊಳೆತು ನಾರುತ್ತವೆ ಎಂದು ಊರಿಗೆ ಊರೇ ನಂಬಿತ್ತು. ಶೋಭಾರಾಣಿಯೂ ನಂಬಿದ್ದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅವಳು ಸೊಸೆಯಾಗಿ ಬರುವ ಮುಂಚೆ ಆ ಮನೆಯಲ್ಲಿ ಸಾಲಾಗಿ ಬೆಳೆ ಹೋಗಿತ್ತಂತೆ. ಅವಳು ಬಂದು ಸೊಪ್ಪು ಹಾಕಿದ ಮೊದಲ ಬೆಳೆ ಕೈಗೆ ಬಂತು, ಆಮೇಲೆ ಒಂದೂ ಕೆಡಲಿಲ್ಲ. "ಇವಳು ಮುಟ್ಟಿದ್ರೆ ಒಂದು ಹುಳಾನೂ ಬಾಡಲ್ಲ ಕಣಮ್ಮ ಟೀಚರಮ್ಮ, ಲಕ್ಷ್ಮಿ ಕೈ ಅದು" ಎಂದು ಮಂಗಮ್ಮ ನನಗೆ ನೂರು ಸಲ ಹೇಳಿದ್ದಾರೆ. ಲಕ್ಷ್ಮಿಯ ಕೈ ಮನೆ ಬಿಟ್ಟು ಹೋಗಬಾರದು ನೋಡಿ. ತವರಿಗೆ ಹೋಗುತ್ತೇನೆಂದರೆ "ಈ ಬೆಳೆ ಆಗ್ಲಿ, ಹೋಗಿವಂತೆ" ಎನ್ನುತ್ತಿದ್ದರು. ಈ ಬೆಳೆ ಆದ ಮೇಲೆ ಇನ್ನೊಂದು ಬೆಳೆ. ಸ್ವಂತ ತಮ್ಮನ ಮದುವೆಗೆ ಅವಳು ಧಾರೆಯ ಹೊತ್ತಿಗೆ ಹೋಗಿ, ಊಟಕ್ಕೂ ಕೂರದೆ ಅದೇ ಜೀಪಿನಲ್ಲಿ ವಾಪಸ್ ಬಂದಿದ್ದಳು. ಆ ದಿನ ಉಪವಾಸ ಇದ್ದದ್ದನ್ನು ನಗುತ್ತಾ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ, ಅವಳ ಅಮ್ಮನನ್ನು ನೋಡಿಕೊಂಡು ಬರುವುದು. ಅಮ್ಮ ಗಂಗುಲಮ್ಮನಿಗೆ ಉಬ್ಬಸ, ಬಸ್ಸು ಹತ್ತಿ ಬರುವಂತಿರಲಿಲ್ಲ. ಅವರ ಊರು ಮುರುಗಮಲ್ಲಕ್ಕಿಂತ ಈಚೆ, ಪಾಪಾಗ್ನಿ ಹೊಳೆಯ ಆ ದಡದಲ್ಲಿ. ಬಸ್ಸಿನಲ್ಲಿ ಹೋಗಬೇಕೆಂದರೆ ಮೊದಲು ಚಿಂತಾಮಣಿ, ಅಲ್ಲಿ ಕಾದು, ಮುರುಗಮಲ್ಲದ ದರ್ಗಾಕ್ಕೆ ಹೋಗುವವರ ಜೊತೆ ನೂಕಾಡಿ ಇನ್ನೊಂದು ಬಸ್ಸು, ಇಳಿದ ಮೇಲೆ ನಡಿಗೆ. ಹೋಗಿ ಬರುವಷ್ಟರಲ್ಲಿ ದಿನ ಮುಗಿದು ಹೋಗುತ್ತಿತ್ತು. ಬೆಳಗಿನ ಸೊಪ್ಪಿಗೂ ಸಂಜೆಯ ಸೊಪ್ಪಿಗೂ ನಡುವೆ ಅಷ್ಟು ಹೊತ್ತು ಅವಳಿಗೆ ಯಾರು ಕೊಡಬೇಕು?

ಅದನ್ನು ಕೊಟ್ಟಿದ್ದು ಸರ್ಕಾರ. ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಹಂಚಿದ ವರ್ಷ ಅವಳ ಮಗಳು ತನುಶ್ರೀಗೂ ಒಂದು ಬಂತು. ಮುಂದೆ ಬುಟ್ಟಿ ಇದ್ದ, ತುಳಿದರೆ ಕಿರ್ ಕಿರ್ ಅನ್ನುವ ಸೈಕಲ್ಲು. ಬೇಸಿಗೆ ರಜೆಯಲ್ಲಿ ಒಣಗಿದ ಕೆರೆ ಅಂಗಳಕ್ಕೆ ಶೋಭಾರಾಣಿಯನ್ನು ಕರೆದುಕೊಂಡು ಹೋಗಿ ತನುಶ್ರೀ ಹ್ಯಾಂಡಲ್ ಹಿಡಿದಳು, ನಾನು ಹಿಂದಿನ ಕ್ಯಾರಿಯರ್ ಹಿಡಿದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಿದ್ದು, ಮೊಣಕೈ ತರಚಿಕೊಂಡು, "ಅಮ್ಮ, ಮುಂದೆ ನೋಡಮ್ಮ, ನೆಲ ನೋಡ್ಬೇಡ" ಎಂದು ಮಗಳ ಕೈಲಿ ಗದರಿಸಿಕೊಂಡು, ಕೊನೆಗೆ ಕಲಿತಳು. ತರಚಿದ ಗಾಯಕ್ಕೆ ತೋಟದ ಕಡ್ಡಿ ಚುಚ್ಚಿತು ಎಂದು ಅತ್ತೆಗೆ ಸುಳ್ಳು ಹೇಳಿದಳು. ಆ ಸುಳ್ಳಿಗೆ ನಾನೂ ತಲೆಯಾಡಿಸಿದೆ. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ದಾರಿ ಅವಳ ತಲೆಯಲ್ಲಿ ಆಗಲೇ ಇತ್ತು. ಮದುವೆಯಾಗಿ ಬಂದಾಗ ಎತ್ತಿನ ಗಾಡಿ ಕಾಡೊಳಗಿಂದಲೇ ಅವಳನ್ನು ತಂದಿತ್ತು. ಆಮೇಲೆ ಬಸ್ಸು ಬಂದು ಗಾಡಿದಾರಿಯನ್ನು ಜನ ಮರೆತರು. ಕುರಿ ಕಾಯುವವರು, ಸೌದೆಯವರು, ಸೀತಾಫಲ ಕೀಳುವವರು ಮಾತ್ರ ತುಳಿಯುತ್ತಿದ್ದರು. ಬರುವಾಗ ಅಳುತ್ತಾ ನೋಡಿದ್ದ ದಾರಿಯಲ್ಲಿ ಅವಳು ಈಗ ತವರಿನ ಕಡೆ ಮುಖ ಮಾಡಿ ಹೊರಟಳು.

ಹುಳುವಿಗೂ ಜ್ವರ ಬರುತ್ತದೆ. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಅದನ್ನೇ ಸಾಕುವವರು ಜ್ವರ ಎನ್ನುತ್ತಾರೆ. ಆ ದಿನ ಹುಳುಮನೆಯಲ್ಲಿ ಕೆಲಸವಿಲ್ಲ. ತೋಟದಲ್ಲಿ ಕಳೆ ಕೀಳುತ್ತೇನೆ ಎಂದು ಹೇಳಿ ಶೋಭಾರಾಣಿ ಹೊರಡುತ್ತಿದ್ದಳು. ತನುಶ್ರೀ ಅವತ್ತು ಗೆಳತಿಯ ಸೈಕಲ್ಲಿನ ಹಿಂದೆ ಕೂತು ಸ್ಕೂಲಿಗೆ ಬರುತ್ತಿದ್ದಳು. ಸೈಕಲ್ಲು ನನ್ನ ಕೋಣೆಯ ಪಕ್ಕದ ಸಂದಿಯಲ್ಲಿ ಕಾಯುತ್ತಿರುತ್ತಿತ್ತು.

ನಾನೂ ಒಂದು ಭಾನುವಾರ ಸ್ಕೂಲಿನ ಇನ್ನೊಂದು ಸೈಕಲ್ ತಗೊಂಡು ಅವಳ ಹಿಂದೆ ಹೋಗಿದ್ದೇನೆ. ಕೆರೆ ಏರಿ ಮುಗಿದ ಕೂಡಲೇ ಗರಸು ದಾರಿ, ಚಕ್ರದ ಕೆಳಗೆ ಬೆಣಚುಕಲ್ಲು ಸಿಡಿದು ಕಾಲಿಗೆ ಬಡಿಯುತ್ತಿತ್ತು. ಅರಣ್ಯ ಇಲಾಖೆಯ ನೀಲಗಿರಿ ತೋಪು ದಾಟಿದರೆ ನಿಜವಾದ ಕುರುಚಲು ಕಾಡು, ಎರಡೂ ಕಡೆ ಜಾಲಿ, ಲಂಟಾನ, ಅದರ ಸಂದಿನಲ್ಲಿ ನವಿಲು. ಒಂದು ದೊಡ್ಡ ಬಂಡೆಯ ಹತ್ತಿರ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಕಲ್ಲು ಕ್ವಾರಿ, ಎಡಕ್ಕೆ ಹೋದರೆ ಎರಡು ಗುಡ್ಡಗಳ ನಡುವಿನ ಕಣಿವೆ. ಕಣಿವೆಯ ತುದಿಯಿಂದ ಇಳಿಜಾರು. ಅಲ್ಲಿ ಅವಳು ತುಳಿಯುವುದು ನಿಲ್ಲಿಸಿ, ಕಾಲೆರಡನ್ನೂ ಚಾಚಿ, ಸೆರಗು ಹಾರಿಸಿಕೊಂಡು, ಕೂಗುತ್ತಾ ಇಳಿದಳು. ಹುಳುಮನೆಯಲ್ಲಿ ಪಿಸುಗುಟ್ಟಿಯೇ ಮಾತಾಡುವ ಹೆಂಗಸು! ಹಿಂದೆ ಬರುತ್ತಿದ್ದ ನಾನು ಬ್ರೇಕು ಒತ್ತಿ ಒತ್ತಿ ಕೈನೋವು ಮಾಡಿಕೊಂಡೆ. ಕೆಳಗೆ ಹೊಳೆ. ನೀರಿಲ್ಲ, ದಡದಿಂದ ದಡಕ್ಕೆ ಮರಳು, ಆ ಕಡೆ ಸಾಲು ಹೊಂಗೆ. "ಇಲ್ಲಿ ಇಳಿದು ತಳ್ಬೇಕು ಮೇಡಂ" ಎಂದಳು. ಹೊಂಗೆ ನೆರಳು ದಾಟಿದರೆ ಅವಳ ಅಮ್ಮನ ಮನೆಯ ಜಗಲಿ ಕಾಣುತ್ತದೆ.

ಗಂಗುಲಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಆ ಕಡೆಯವರಿಗೆ ಮನೆಮಾತು ತೆಲುಗು. ಮಗಳು ಹೊಂಗೆ ಮರದ ಹತ್ತಿರ ಕಂಡ ಕೂಡಲೇ "ಒಚ್ಚಿನಾವಾ ತಲ್ಲೀ?" ಎನ್ನುತ್ತಿದ್ದರು. ಬಂದೆಯಾ ತಾಯಿ, ಅಷ್ಟೇ ಕೇಳುವುದು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಒಂದು ದಿನವೂ ಕೇಳಿದವರಲ್ಲ. ಮಗಳು ಪಕ್ಕದಲ್ಲಿ ಕೂತು ಬೆನ್ನು ನೀವಿ, ತಲೆ ಬಾಚಿ, ಕಾಫಿ ಕುಡಿದು, ಬಿಸಿಲು ನೋಡಿಕೊಂಡು ಎದ್ದು ಹೊರಡುತ್ತಿದ್ದಳು.

ಒಂದು ಸಲ ಬೆಂಗಳೂರಿನ ಸೈಕಲ್ ಸವಾರರು ಅವಳ ಹಿಂದೆ ಬಿದ್ದರು. ಗೇರು, ಹೆಲ್ಮೆಟ್ಟು, ದಪ್ಪ ಟೈರು. ಟಾರು ರಸ್ತೆ ಬೇಡವಂತೆ ಅವರಿಗೆ, ಕಾಡು ಮತ್ತು ಹೊಳೆ ಬೇಕಂತೆ. ದಾರಿ ತಪ್ಪಿ ನಮ್ಮ ಕೆರೆ ಏರಿಯ ಮೇಲೆ ನಿಂತಿದ್ದರು. ಶೋಭಾರಾಣಿ ಆಗ ತಾನೇ ಹೊರಟಿದ್ದಳು. "ನನ್ನ ಹಿಂದೆ ಬನ್ನಿ" ಎಂದಳಂತೆ. ಅವರಲ್ಲಿ ಒಬ್ಬ ಹುಡುಗಿ ಕಣಿವೆ ಹತ್ತುವಾಗ ಏದುಸಿರು ಬಿಡುತ್ತಾ ಕೇಳಿದಳು, "ಆಂಟಿ, ಈ ರೂಟ್ ಎಲ್ಲಿಗೆ ಹೋಗತ್ತೆ?"

"ನಮ್ಮಮ್ಮನ ಮನೇಗೆ" ಎಂದಳು ಇವಳು.

ಅವರೆಲ್ಲ ಜಗಲಿಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ತಿಂದು ಹೋದರು. ಹುಡುಗಿ ತನ್ನ ಸೈಕಲ್ಲನ್ನು ಅವಳಿಗೆ ಒಂದು ಸುತ್ತು ಹೊಡೆಯಲು ಕೊಟ್ಟಳಂತೆ. "ಹತ್ತು ತುಳಿಯೋ ಕಡೆ ಎರಡು ತುಳಿದ್ರೆ ಸಾಕು ಮೇಡಂ, ಅದರಲ್ಲಾದ್ರೆ ಹುಳಕ್ಕೆ ಜ್ವರ ಇಲ್ಲದ ದಿನಾನೂ ಹೋಗಿ ಮಧ್ಯಾಹ್ನದ ಸೊಪ್ಪಿಗೆ ವಾಪಸ್ ಬರ್ಬೋದು" ಎಂದು ನನ್ನ ಮುಂದೆ ಆಸೆಪಟ್ಟಳು. ಬೇರೆಯವರು ಸೈಕಲ್ಲಿನಲ್ಲಿ ಊರೂರು ಸುತ್ತುವ ಆಸೆ ಪಡುತ್ತಾರೆ, ಇವಳದು ಬೇಗ ವಾಪಸ್ ಬರುವ ಆಸೆ.

ಅದಾದ ಮುಂದಿನ ಮಳೆಗಾಲದ ಬೆಳೆ. ಹುಳು ಕೊನೇ ಜ್ವರದಿಂದ ಎದ್ದು ಆಗಿತ್ತು. ಇನ್ನು ಹಣ್ಣಾಗಿ ಗೂಡು ಕಟ್ಟುವವರೆಗೆ ಅವಕ್ಕೆ ರಾಕ್ಷಸ ಹಸಿವು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೊಪ್ಪು ಬೇಕು. ಶೋಭಾರಾಣಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಒಂದು ದಿನ ಗಂಗಾಧರ ಬೆಳಿಗ್ಗೆಯೇ ಶಿಡ್ಲಘಟ್ಟದಲ್ಲಿ ಕೆಲಸ ಇದೆ ಎಂದು ಬೈಕು ಹತ್ತಿ ಹೋದ. ಸಂಜೆ ಬಂದು ಹಿತ್ತಿಲಲ್ಲಿ ತಲೆಗೆ ನೀರು ಹುಯ್ದುಕೊಂಡ. ಆಮೇಲೆ ಸೊಪ್ಪಿನ ಹೊರೆ ತಂದು ಹುಳುಮನೆಯ ಬಾಗಿಲ ಹೊರಗೇ ಇಳಿಸಿದ.

"ಒಳಗೆ ತಂದಿಡಿ" ಎಂದಳು ಅವಳು.

"ಬೆನ್ನು ಹಿಡ್ಕೊಂಡಿದೆ ಕಣೇ, ನೀನೇ ತಗೋ" ಎಂದ. ಮಾರನೇ ದಿನವೂ ಹಾಗೇ. ಹೊರೆ ಹೊತ್ತು ತರಲು ನೋಯದ ಬೆನ್ನು ಹೊಸಿಲು ದಾಟಲು ಮಾತ್ರ ನೋಯುತ್ತಿತ್ತು. ಬ್ಲೀಚಿಂಗ್ ಗೋಣಿಚೀಲಕ್ಕೂ ಅವನು ಕಾಲು ಸೋಕಿಸಲಿಲ್ಲ. ಬಲೆಯ ಹಿಂದೆ ಶೋಭಾರಾಣಿ ಸೊಪ್ಪು ಹಿಡಿದು ನಿಂತಲ್ಲೇ ನಿಂತಳು. ಹೊತ್ತಲ್ಲದ ಹೊತ್ತಲ್ಲಿ ತಲೆಸ್ನಾನ, ಹುಳುಮನೆಗೆ ಕಾಲಿಡದ ಗಂಡ, ಇದರ ಅರ್ಥ ಆ ಊರಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಯಾರದೋ ಮಣ್ಣಿಗೆ ಹೋಗಿ ಬಂದಿದ್ದಾನೆ. ಅವನ ಕಡೆಯವರಾಗಿದ್ದರೆ ಮಂಗಮ್ಮನ ಅಳು ಊರಿಗೆಲ್ಲ ಕೇಳಿಸಬೇಕಿತ್ತು. ಮನೆ ಸದ್ದಿಲ್ಲದೆ ಇದೆ ಎಂದರೆ ಹೋದವರು ಅವಳ ಕಡೆಯವರು. ಅವಳಿಗೆ ತಿಳಿದರೆ ಸೊಪ್ಪು ಹಾಕುವ ಕೈ ನಿಲ್ಲುತ್ತದೆ.

ಮೂರನೇ ದಿನ ಬೆಳಿಗ್ಗೆ ಅವಳು ಸೊಪ್ಪು ಹಾಕಿ ಮುಗಿಸಿ, ಸಂದಿಗೆ ಬಂದು ಸೈಕಲ್ ತೆಗೆದಳು. "ಹುಳು ಜ್ವರಕ್ಕೆ ಕೂತಿಲ್ವಲ್ಲ ಶೋಭಾ, ಮಧ್ಯಾಹ್ನ ಸೊಪ್ಪಿದೆಯಲ್ಲ?" ಎಂದೆ. "ಬರ್ತೀನಿ ಮೇಡಂ" ಎಂದಷ್ಟೇ ಹೇಳಿ ಹೋದಳು. ಮುಖ ನೋಡಿ ನನಗೆ ಭಯವಾಯಿತು.

ಹೊಂಗೆ ಮರ ದಾಟಿದರೆ ಜಗಲಿಯ ಕಂಬದ ಹತ್ತಿರ ಯಾರೂ ಇರಲಿಲ್ಲ. ಅಂಗಳದಲ್ಲಿ ನೆಂಟರು, ಹಾಲುತುಪ್ಪ ಬಿಡಲು ಸಮಾಧಿಗೆ ಹೊರಟಿದ್ದರು. ತಮ್ಮ ಕೋನಪ್ಪ ಅವಳನ್ನೂ ಸೈಕಲ್ಲನ್ನೂ ನೋಡಿ ಬಾಯಿ ಬಿಟ್ಟುಕೊಂಡು ನಿಂತ.

"ನಿನಗೆ ಕಾಲು ಉಳುಕಿ ಎದ್ದೇಳಕ್ಕೂ ಆಗ್ತಿಲ್ಲ ಅಂದ್ರಲ್ಲಕ್ಕ! ಭಾವ ಒಬ್ರೇ ಬಂದಿದ್ರು. ನಿನಗೋಸ್ಕರ ಮಧ್ಯಾಹ್ನದವರೆಗೂ ಕಾದಿದ್ದು ಮಣ್ಣು ಮಾಡಿದ್ವಿ."

ಅವಳು ಅಲ್ಲಿ ಅತ್ತಳೋ ಇಲ್ಲವೋ ನನಗೆ ಹೇಳಲಿಲ್ಲ. ಹಸಿ ಮಣ್ಣಿನ ಮೇಲೆ ಹಾಲು ಬಿಟ್ಟಳಂತೆ, ಮಣ್ಣನ್ನು ಎರಡೂ ಕೈಯಲ್ಲಿ ತಡವಿದಳಂತೆ. ಸ್ನಾನ ಮಾಡಿ ಹೋಗು ಎಂದು ಹೆಂಗಸರು ಹೇಳಿದ್ದಕ್ಕೆ ಕೈ ಕೂಡ ತೊಳೆಯದೆ ಸೈಕಲ್ ಹತ್ತಿದಳಂತೆ.

ಅವಳು ವಾಪಸ್ ಬಂದದ್ದು ನಾನು ಕಣ್ಣಾರೆ ಕಂಡೆ. ಅಲ್ಲೇ ಉಳಿಯಬಾರದಿತ್ತೆ ಎಂದು ಆಮೇಲೆ ಬೈದೆ ಕೂಡ. ಆ ಕಿರ್ ಕಿರ್ ಸೈಕಲ್ಲನ್ನೇ ಹುಚ್ಚಾಗಿ ತುಳಿದು ಬಂದು, ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ಸರಿಯಾಗಿ ಬಲೆ ಸರಿಸಿ ಹುಳುಮನೆಗೆ ನುಗ್ಗಿದಳು. ಉಗುರಿನಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ಮೊದಲ ಅಟ್ಟಣಿಗೆಯಿಂದ ಕೊನೆಯದರ ತನಕ ಒಂದೂ ಬಿಡದೆ ಸೊಪ್ಪು ಹಾಕಿದಳು, ಹಾಕಿ ಹುಳುಗಳ ಮೇಲೆ ಕೈಯಾಡಿಸಿದಳು.

"ಸಾಯ್ಲಿ ಅಂತಾನೇ ಮುಟ್ಟಿದೆ ಮೇಡಂ" ಎಂದು ಅವಳು ನನಗೆ ಹೇಳಿದ್ದು ಆ ಸಂಜೆ. "ಎಲ್ಲಾ ಕೊಳೆತು ಹೋಗ್ಲಿ. ಇವಳ ಕೈಗುಣ ಹೋಯ್ತು, ಇನ್ನು ಇವಳು ಎಲ್ಲಾದ್ರೂ ಹೋಗ್ಲಿ ಅಂತ ಅತ್ತೇನೇ ಬಾಗಿಲು ತೆಗೀಲಿ. ಅಮ್ಮನ ಹನ್ನೊಂದಕ್ಕಾದ್ರೂ ನಾಲ್ಕು ದಿನ ಮುಂಚೆ ಹೋಗಿ ಮಗಳ ಥರ ಇರ್ತೀನಿ."

ಆಮೇಲಿನ ದಿನಗಳಲ್ಲಿ ಅವಳು ಬೆಳಿಗ್ಗೆ ಎದ್ದು ಹುಳುಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಮೂಸುತ್ತಿದ್ದಳು. ಸಪ್ಪೆರೋಗದ ವಾಸನೆ ಬರಲಿಲ್ಲ. ಹುಳು ಬೆರಳು ಗಾತ್ರ ಬೆಳೆದವು, ಮಿರಮಿರ ಮಿಂಚಿದವು, ಒಂದೇ ದಿನ ಎಲ್ಲವೂ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಹತ್ತಿದವು. ಬಿದಿರಿನ ಚಂದ್ರಿಕೆಯ ಸುತ್ತುಸುತ್ತಿನಲ್ಲೂ ಜಾಗ ಇಲ್ಲದಷ್ಟು ಗೂಡು. ಅಂಥ ಬೆಳೆಯನ್ನು ತನ್ನ ಕಾಲದಲ್ಲಿ ನೋಡಿಲ್ಲ ಎಂದು ಗಂಗಾಧರ ಕುಣಿದಾಡಿದ.

ಮಂಗಮ್ಮ ಸೊಸೆಯನ್ನು ಕರೆದು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ನಾನೂ ಅಲ್ಲೇ ಇದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಈಗ ತಾನೇ ಸುದ್ದಿ ಬಂತು ಕಣಮ್ಮ ಶೋಭಾ, ಧೈರ್ಯ ತಂದ್ಕೋ..." ಎಂದು ಶುರು ಮಾಡಿದರು. ಅವರ ಕಣ್ಣೀರು ಸುಳ್ಳಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

"ಸುದ್ದಿ ಬಂದು ಎಷ್ಟೋ ದಿನ ಆಯ್ತಲ್ಲ ಅತ್ತೆ" ಎಂದಳು ಶೋಭಾರಾಣಿ. "ತನು ಸೈಕಲ್ ತಗೊಂಡು ಕಾಡಲ್ಲಿ ಹೋಗಿ ಅಮ್ಮನ ಗುಡ್ಡೆ ಮೇಲೆ ಹಾಲು ಬಿಟ್ಟು ಬಂದೆ. ನೀರು ಮುಟ್ಟಲಿಲ್ಲ, ಕೈ ತೊಳೀಲಿಲ್ಲ. ಆ ಕೈಲೇ ಎಲ್ಲಾ ಅಟ್ಟಣಿಗೆಗೂ ಸೊಪ್ಪು ಹಾಕಿದ್ದೀನಿ. ಸೂತಕದ ಕೈ ಇದು. ಈಗ ಹೇಳಿ, ನನ್ನ ಕೈಯಲ್ಲಿ ಏನಿದೆ?"

ಮಂಗಮ್ಮನ ಮುಖ ಬೆಳ್ಳಗಾಯಿತು. ಗಂಗಾಧರ ಎದ್ದು ನಿಂತ. ಈಗ ಬೀಳುತ್ತದೆ ಏಟು ಎಂದುಕೊಂಡೆ, ತಡೆಯಲು ನಾನೂ ಎದ್ದೆ. ಮಂಗಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಚಂದ್ರಿಕೆಗಳನ್ನು ನೋಡಿದರು. ಗೂಡುಗಳ ಮೇಲೆ ಬಿಸಿಲು ಬಿದ್ದಿತ್ತು. ಆಮೇಲೆ ಸೊಸೆಯ ಎರಡೂ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಸೂತಕಾನೂ ತಟ್ಟಲಿಲ್ವಲ್ಲೇ ನನ್ನ ತಾಯಿ ಈ ಕೈಗೆ!"

ಶೋಭಾರಾಣಿ ಆಗ ಅತ್ತಳು. ಮೊದಲ ಸಲ ಗಟ್ಟಿಯಾಗಿ ಅತ್ತಳು. ಅಮ್ಮನಿಗಾಗಿ ಅಳುತ್ತಿದ್ದಾಳೆಂದು ಅವರು ಸಮಾಧಾನ ಮಾಡಿದರು.

ಹನ್ನೊಂದನೇ ದಿನಕ್ಕೆ ಅವಳನ್ನು ಕಾರು ಮಾಡಿ ಕಳಿಸಿದರು, ಸಂಜೆಗೆ ಅದೇ ಕಾರಿನಲ್ಲಿ ಕರೆಸಿಕೊಂಡರು. ಮಾತು ಊರಿಂದೂರಿಗೆ ಹಬ್ಬಿತು. ಕೈವಾರದ ಕಡೆಯಿಂದ, ಚಿಂತಾಮಣಿಯ ಕಡೆಯಿಂದ ಜನ ಹೊಸ ಹುಳು ತಂದಾಗ ಮೊದಲ ಸೊಪ್ಪು ಶೋಭಾರಾಣಿಯ ಕೈಯಿಂದ ಮುಟ್ಟಿಸಿಕೊಂಡು ಹೋಗಲು ಬರತೊಡಗಿದರು. ಗಂಗಾಧರ ಇನ್ನೊಂದು ಹುಳುಮನೆ ಕಟ್ಟಿಸಿದ. ಈಗ ಒಂದರಲ್ಲಿ ಹುಳು ಜ್ವರಕ್ಕೆ ಕೂತರೆ ಇನ್ನೊಂದರಲ್ಲಿ ಹಸಿದಿರುತ್ತವೆ. ತನುಶ್ರೀ ಚಿಂತಾಮಣಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋದಳು. ಸೈಕಲ್ಲು ತೋಟದಿಂದ ಸೊಪ್ಪಿನ ಹೊರೆ ಹೊತ್ತು ಹೊತ್ತು ಕ್ಯಾರಿಯರ್ ಬಗ್ಗಿ ಹೋಗಿದೆ.

ನಾನು ವರ್ಗವಾಗಿ ಗೌರಿಬಿದನೂರಿಗೆ ಹೊರಡುವ ಹಿಂದಿನ ಭಾನುವಾರ ಆ ಬೆಂಗಳೂರಿನ ಹುಡುಗಿ ಮತ್ತೆ ಬಂದಳು, ಜೊತೆಗೆ ದೊಡ್ಡ ಗುಂಪು. ಹುಳುಮನೆಯ ಮುಂದೆ ನಿಂತು, "ಆಂಟಿ, ನಾವೆಲ್ಲ ಆ ರೂಟಿಗೆ 'ಅಮ್ಮನ ಮನೆ' ಅಂತಾನೇ ಹೆಸರಿಟ್ಟಿದ್ದೀವಿ. ಅಮ್ಮ ಹೇಗಿದ್ದಾರೆ?" ಎಂದಳು.

"ಹೋಗ್ಬಿಟ್ರಮ್ಮ" ಎಂದಳು ಶೋಭಾರಾಣಿ ಬಲೆ ಸರಿಸಿ. ಹುಡುಗಿ ತನ್ನ ಸೈಕಲ್ಲಿನಿಂದ ಇಳಿದು ಹ್ಯಾಂಡಲನ್ನು ಇವಳ ಕಡೆ ತಿರುಗಿಸಿದಳು.

"ಬನ್ನಿ ಆಂಟಿ, ಇದನ್ನ ನೀವು ಓಡ್ಸಿ. ಹೊಳೆವರೆಗಾದ್ರೂ ಬನ್ನಿ."

ಶೋಭಾರಾಣಿ ಹ್ಯಾಂಡಲ್ ಮೇಲೆ ಕೈಯಿಟ್ಟಳು. ಒಳಗಿನಿಂದ ಮಂಗಮ್ಮ "ಶೋಭಾ" ಎಂದು ಕರೆದರು, ಎಂದಿನ ಹಾಗೆ ಮೆಲ್ಲಗೆ, ಅಕ್ಕರೆಯಿಂದ. ಅವಳು ಕೈ ತೆಗೆದಳು. "ಹುಳ ಜ್ವರದಿಂದ ಎದ್ದಿವೆ ಕಣಮ್ಮ, ಹಸಿದಿರ್ತಾವೆ. ನೀವು ಹೋಗ್ಬನ್ನಿ. ಬಂಡೆ ಹತ್ರ ಬಲಕ್ಕೆ ಹೋಗ್ಬೇಡಿ" ಎಂದು ಹೇಳಿ, ಗೋಣಿಚೀಲದ ಮೇಲೆ ಕಾಲು ಅದ್ದಿ ಒಳಗೆ ಹೋದಳು. ಬಲೆ ಮುಚ್ಚಿಕೊಂಡಿತು.

ನಾನು ಮೆಟ್ಟಿಲ ಮೇಲೆ ನಿಂತು ಗುಂಪು ಹೋಗುವುದನ್ನು ನೋಡುತ್ತಿದ್ದೆ.

"ಏರಿ ಹತ್ತಿದ್ರಾ ಮೇಡಂ?" ಬಲೆಯ ಹಿಂದಿನಿಂದ ಅವಳ ದನಿ.

"ಹತ್ತಿದ್ರು ಕಣಮ್ಮ."

"ಈಗ?"

"ಇನ್ನು ಇಲ್ಲಿಂದ ಕಾಣಲ್ಲ."

ಒಳಗೆ ಸೊಪ್ಪು ಹಾಕುವ ಸದ್ದು ಕೇಳುತ್ತಿತ್ತು. ಒಂದು ಅಟ್ಟಣಿಗೆ ಮುಗಿಸಿ ಅವಳು ಇನ್ನೊಂದಕ್ಕೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು, ನನಗೋ ತನಗೋ, "ಈಗ ಬಂಡೆ ಹತ್ರ ಇರ್ತಾರೆ" ಎಂದಳು. ನಾನು ಸಾಮಾನು ಕಟ್ಟುವುದನ್ನು ಬಿಟ್ಟು ಅಲ್ಲೇ ಕೂತೆ. ಅವಳು ಮೂರನೇ ಅಟ್ಟಣಿಗೆಗೆ ಹೋದಳು. "ಈಗ ಇಳಿಜಾರು." ಅವಳ ದನಿ ಒಂದಿಷ್ಟು ಎತ್ತರವಾಯಿತು, ಮತ್ತೆ ಪಿಸುಮಾತಿಗೆ ಇಳಿಯಿತು. ಕೊನೆಯ ಅಟ್ಟಣಿಗೆಯ ಹತ್ತಿರ ಸೊಪ್ಪಿನ ಸದ್ದು ನಿಂತಿತು.

"ಮರಳು ಬಂತು" ಎಂದಳು. "ಇಲ್ಲಿ ಇಳಿದು ತಳ್ಬೇಕು."